ತೆಗೆಯೋಣವೇ, ಬಿಡೋಣವೇ, ನೀವೇ ಹೇಳಿ ಎಂದರು

"ತೆಗೆಯೋಣವೇ, ಹಾಗೇ ಬಿಡೋಣವೇ? ನಿಮಗೇನು ಅನ್ನಿಸುತ್ತದೆ?" ಎಂದು ವೈದ್ಯೆ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ವರ್ಷ ಓದಿದವರು ನೀವು, ನನ್ನನ್ನೇನು ಕೇಳುತ್ತೀರಿ? ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷವಾದರೂ ವೈದ್ಯರ ಎದುರು ಕುಳಿತಾಗ ನಾನು ಅಪ್ಪಟ ನಮ್ಮ ಕಡೆಯವಳೇ. ಅವರು ಹೇಳಬೇಕು, ನಾನು ತಲೆಯಾಡಿಸಬೇಕು.

ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಕೈಗೆ ಸಿಕ್ಕಿದ ಗಂಟು ಅದು. ಗೋಲಿಯಷ್ಟಿತ್ತು. ನೋವಿಲ್ಲ. ಬೆರಳಿಟ್ಟು ಒತ್ತಿದರೆ ಪಕ್ಕಕ್ಕೆ ಜಾರಿಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಒಂದೇ ಬೆಳಗ್ಗೆ ಎಲ್ಲ ಮುಗಿಯಿತು: ಕೈಯಿಂದ ಮುಟ್ಟಿ ಪರೀಕ್ಷೆ, ಅಲ್ಟ್ರಾಸೌಂಡ್, ಕೊನೆಗೆ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟ ಮೇಲೆ, ಸೂಜಿಯ ಸದ್ದು ಹೀಗಿರುತ್ತದೆ ಎಂದು ಮೊದಲು ಗಾಳಿಯಲ್ಲೇ ಒಮ್ಮೆ ಒತ್ತಿ ಕೇಳಿಸಿದರು. ಸ್ಟೇಪ್ಲರ್ ಒತ್ತಿದ ಹಾಗೆ "ಟಕ್". ಸದ್ದಿಗೆ ಬೆಚ್ಚಿಬಿದ್ದು ನಾನು ಅಲುಗಾಡಬಾರದಲ್ಲ, ಅದಕ್ಕೆ. ಈ ಸಣ್ಣ ಉಪಚಾರ ನನಗೆ ಇನ್ನೂ ನೆನಪಿದೆ.

ಫಲಿತಾಂಶ ಬಂತು: ಫೈಬ್ರೋಅಡಿನೋಮ, 18 ಮಿಲಿಮೀಟರ್. ಕ್ಯಾನ್ಸರ್ ಅಲ್ಲ. ನನ್ನ ವಯಸ್ಸಿನವರಲ್ಲಿ ಸಾಮಾನ್ಯ. ಅದರ ಬೆನ್ನಿಗೇ ಆ ಪ್ರಶ್ನೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಕ್ಯಾನ್ಸರ್ ಅಲ್ಲವಂತೆ, ಹಾಗೇ ಬಿಡುತ್ತೇನೆ" ಎಂದೆ. "ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಹೇಗೆ ಮಲಗುತ್ತೀಯಾ? ಇಲ್ಲಿಗೆ ಬಾ, ತೆಗೆಸಿಬಿಡೋಣ" ಎಂದಳು ಅಮ್ಮ. ನಮ್ಮಲ್ಲಿ ಗಂಟು ಎಂದರೆ ತೆಗೆಸುವುದು ಎಂದೇ ಅರ್ಥ. ಅದು ಯಾವ ಗಂಟು ಎನ್ನುವುದು ಆಮೇಲಿನ ಮಾತು.

ಚಿಕ್ಕಮ್ಮನ ಮಗಳಿಗೆ ಆದದ್ದೂ ಅದೇ. ಅವಳಿಗಾಗ ಇಪ್ಪತ್ತೊಂದು. ಬೆಳಗ್ಗೆ ಸ್ಕ್ಯಾನಿಂಗ್, ಮರುದಿನ ಆಪರೇಷನ್. ವೈದ್ಯರು ಮಾತನಾಡಿದ್ದು ಚಿಕ್ಕಪ್ಪನ ಜೊತೆ. ಅವಳು ಪಕ್ಕದಲ್ಲಿ ಕುಳಿತು ದುಪಟ್ಟಾದ ಅಂಚು ಸುತ್ತುತ್ತಿದ್ದಳಂತೆ. "ಸಂಬಂಧ ನೋಡುವುದಕ್ಕೆ ಮುಂಚೆ ಮುಗಿದುಹೋದರೆ ಒಳ್ಳೆಯದು" ಎಂದು ಚಿಕ್ಕಮ್ಮ ಹೇಳಿದ್ದು ನನಗೇ ಗೊತ್ತು. ಎರಡು ಗಂಟು ತೆಗೆದರು, ಎರಡೂ ಫೈಬ್ರೋಅಡಿನೋಮ. ಮೂರು ವರ್ಷದ ನಂತರ ಅದೇ ಕಡೆ ಮೂರನೆಯದು ಬಂತು. ಒಂದನ್ನು ತೆಗೆದರೆ ಇನ್ನೊಂದು ಬರುವುದಿಲ್ಲ ಎಂಬ ಭರವಸೆ ಇಲ್ಲ ಎಂದು ಆ ಹುಡುಗಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಈಗ ಉಳಿದಿರುವುದು ಹೊಲಿಗೆಯ ಗುರುತು ಮತ್ತು ಆ ಮೂರನೆಯ ಗಂಟು. ಅದರ ಬಗ್ಗೆ ಅವಳು ಮನೆಯಲ್ಲಿ ಬಾಯಿ ಬಿಟ್ಟಿಲ್ಲ.

ಬಯಾಪ್ಸಿಯಲ್ಲಿ ಸಾಧಾರಣ ಫೈಬ್ರೋಅಡಿನೋಮ ಎಂದು ಖಚಿತವಾದ ಮೇಲೆ ಅವಸರ ಯಾಕೆ? ಅದು ಕ್ಯಾನ್ಸರ್‌ಗೆ ತಿರುಗುವುದು ಅಪರೂಪದಲ್ಲಿ ಅಪರೂಪ. ಎಷ್ಟೋ ಗಂಟುಗಳು ಇದ್ದಷ್ಟೇ ಇರುತ್ತವೆ, ಕೆಲವು ತಾವಾಗಿ ಕುಗ್ಗುತ್ತವೆ, ಮುಟ್ಟು ನಿಂತ ಮೇಲಂತೂ ಕುಗ್ಗುವುದೇ ಹೆಚ್ಚು. ಬಸಿರಿನಲ್ಲಿ ಕೆಲವೊಮ್ಮೆ ದೊಡ್ಡದಾಗುತ್ತವೆ, ಅದನ್ನೂ ವೈದ್ಯೆ ಹೇಳಿದರು. ಬೇಗ ಬೇಗ ಬೆಳೆದರೆ, 3 ಸೆಂಟಿಮೀಟರ್ ದಾಟಿದರೆ, ತೆಗೆಯುವ ಮಾತು ಬರುತ್ತದೆ. ಸಾಮಾನ್ಯವಾಗಿ ತೆಗೆಯಲೇಬೇಕಾದ ಫಿಲ್ಲೋಡಿಸ್ ಎಂಬ ಇನ್ನೊಂದು ಗಡ್ಡೆ ನೋಡಲು ಇದರಂತೆಯೇ ಇರುತ್ತದೆ ಎನ್ನುವುದು ಅದಕ್ಕೊಂದು ಕಾರಣ. ಜೀವಕೋಶಗಳಲ್ಲಿ ಅಸಹಜತೆ ಕಂಡರಂತೂ ದಾರಿಯೇ ಬೇರೆ. ನೋವಿದ್ದರೆ, ಅಥವಾ ಅದು ಒಳಗಿದೆ ಎಂಬ ಯೋಚನೆಯೇ ತಲೆ ತಿನ್ನುತ್ತಿದ್ದರೆ, ತೆಗೆಸಿಕೊಳ್ಳುವುದೂ ತಪ್ಪಲ್ಲ. ಅದಕ್ಕೇ ನನ್ನನ್ನು ಕೇಳಿದ್ದು ಎಂದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ನಮ್ಮಲ್ಲಿ ಇಷ್ಟನ್ನು ಹೇಳಲು ಐದು ನಿಮಿಷ ಸಿಗುವುದಿಲ್ಲವೇ?

ಬಿಟ್ಟೆ. ಒಂದು ಪತ್ರ ಬಂತು: ಬದಲಾವಣೆ ಕಂಡರೆ ಬನ್ನಿ. ಅಷ್ಟೇ. ಆರು ತಿಂಗಳಾಯಿತು, ಹೇಗಿದ್ದೀರಿ ಎಂದು ಒಂದು ಕರೆಯೂ ಇಲ್ಲ. ಪ್ರತಿ ತಿಂಗಳು ಮುಟ್ಟು ಮುಗಿದ ಮೇಲೆ ನಾನೇ ಬೆರಳಿಟ್ಟು ನೋಡಿಕೊಳ್ಳುತ್ತೇನೆ. ಕೆಲವು ರಾತ್ರಿ ಅದು ನಿಂಬೆಹಣ್ಣಿನಷ್ಟಾಗಿದೆ ಎಂದೇ ಅನ್ನಿಸುತ್ತದೆ, ಬೆಳಗ್ಗೆ ಮತ್ತೆ ಗೋಲಿಯಷ್ಟೇ. ನಿರ್ಧಾರ ನಮ್ಮದಾದರೆ ಭಯವೂ ನಮ್ಮದೇ ಆಗುತ್ತದೆ ಎಂದು ಇವರ ಕರಪತ್ರದಲ್ಲಿ ಬರೆದಿಲ್ಲ.

ಇನ್ನೊಂದನ್ನು ಹೇಳಲೇಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಅಮ್ಮನಿಗೆ ಐವತ್ತೆಂಟರಲ್ಲಿ ಗಂಟು ಕಂಡಾಗ, ಕೊಬ್ಬಿನ ಗಂಟಿರಬೇಕು ಎಂದು ಮನೆಯವರೆಲ್ಲ ಹೇಳಿದ್ದೆವು, ನಾನೂ ಸೇರಿ. ಅಲ್ಲಿನ ವೈದ್ಯರು ಒಪ್ಪಲಿಲ್ಲ. ಎರಡೇ ದಿನದಲ್ಲಿ ಮ್ಯಾಮೊಗ್ರಾಂ, ಸ್ಕ್ಯಾನಿಂಗ್ ಮಾಡಿಸಿ, ಅದು ನೀರುಗುಳ್ಳೆ ಎಂದು ತಿಳಿದ ಮೇಲೆ ಸೂಜಿ ಹಾಕಿ ನೀರು ತೆಗೆದರು. ಗಂಟು ಅಲ್ಲೇ ಇಳಿದುಹೋಯಿತು. ಆ ವಯಸ್ಸಿನಲ್ಲಿ ಹೊಸ ಗಂಟು ಕಂಡರೆ ಇಲ್ಲಿಯವರೂ ಅಷ್ಟೇ ಚುರುಕಾಗುತ್ತಾರೆ. ಆದರೆ ಸೂಜಿ ಹಾಕುವಾಗ ಅಲ್ಲಿನ ನರ್ಸ್ "ಏನೂ ಇಲ್ಲ ಬಿಡಿ ಅಮ್ಮ" ಎಂದು ಉದ್ದಕ್ಕೂ ಕೈ ಹಿಡಿದುಕೊಂಡಿದ್ದರಂತೆ. ಅದನ್ನು ಅಮ್ಮ ಇವತ್ತಿಗೂ ಹೇಳುತ್ತಾಳೆ.

ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. "ಒಂದು ಸಲ ತೋರಿಸಿಕೊಂಡು ಹೋಗು" ಎಂದು ಅಮ್ಮ ಆಗಲೇ ಸಮಯ ಗೊತ್ತುಮಾಡಿದ್ದಾಳೆ. ಆಗಲಿ ಎಂದೆ. ಬಯಾಪ್ಸಿ ವರದಿ ಕೈಚೀಲದಲ್ಲಿದೆ. ಚಿಕ್ಕಮ್ಮನ ಮಗಳೂ ಜೊತೆಗೆ ಬರುತ್ತಾಳೆ. ಚಿಕ್ಕಪ್ಪ ಹೊರಗೆ ಕುಳಿತಿರಲಿ.