ಹತ್ತರೊಳಗೆ ಇಳಿಸಿಕೊಡಲಾಗುತ್ತದೆ

ಯುನಿವರ್ಸಿಟಿ ಗೇಟಿನ ಎದುರಿನ ಡಿಟಿಪಿ ಅಂಗಡಿಗೆ ಜೆರಾಕ್ಸ್ ಮಾಡಿಸಲು ಹೋಗಿದ್ದೆ. ಮುಂದೆ ನಿಂತಿದ್ದ ಹುಡುಗ ಪೆನ್‌ಡ್ರೈವ್ ಚಾಚಿದ. ಅಂಗಡಿಯವನು ತಲೆ ಎತ್ತದೆ ಕೇಳಿದ, ‘ಎಷ್ಟಿದೆ?’

‘62 ಪರ್ಸೆಂಟ್ ಸಾರ್.’

‘ಹತ್ತರೊಳಗೆ ಇಳಿಸ್ಬೇಕು, ಅಲ್ವಾ?’

ಬಡ್ಡಿ ವ್ಯವಹಾರ ಇರಬೇಕು ಅಂದುಕೊಂಡೆ. ನೋಡಿದರೆ ಪಿಎಚ್‌ಡಿ!

ಯುಜಿಸಿ 2018ರಲ್ಲಿ ಕೃತಿಚೌರ್ಯಕ್ಕೆ ದರಪಟ್ಟಿ ಹಾಕಿತು. ಬೇರೆಯವರ ಬರಹಕ್ಕೆ 10 ಪರ್ಸೆಂಟ್‌ವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ತನ್ನಿ. 60ರವರೆಗೆ ಇದ್ದರೆ ಒಂದು ವರ್ಷ ಇತ್ತ ಬರಬೇಡಿ. ಅದನ್ನೂ ದಾಟಿದರೆ ನೋಂದಣಿ ರದ್ದು. ಮಾತಿಗೆ ಮಾತು ತಾಗುವುದು ಸಹಜ, ಅದಕ್ಕೇ ಈ ರಿಯಾಯಿತಿ ಅನ್ನೋಣ. ಆದರೂ ನಮ್ಮ ಹಾಲಿನವನಿಗೆ ಈ ನಿಯಮ ಗೊತ್ತಾಗದಿರಲಿ.

ಹಿಂದೆ ಕದಿಯೋದಕ್ಕೂ ಲೈಬ್ರರಿಯಲ್ಲಿ ಕೂತು ಕೈ ನೋಯುವಷ್ಟು ಬರೆದುಕೊಳ್ಳಬೇಕಿತ್ತು. ಬರೆಯುವಾಗ ಒಂದಿಷ್ಟು ತಲೆಗೂ ಹೋಗುತ್ತಿತ್ತು. ಈಗ ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಲಕ್ಷಗಟ್ಟಲೆ ಪಿಎಚ್‌ಡಿ ಪ್ರಬಂಧಗಳಿವೆ. ಗಂಗೆಯಲ್ಲಿ ಮುಳುಗಿದರೆ ಪಾಪ ತೊಳೆದುಹೋಗುತ್ತದಂತೆ. ಇಲ್ಲಿ ಮುಳುಗಿದವರು ಮೂರು ಅಧ್ಯಾಯ ಹಿಡಿದುಕೊಂಡೇ ಏಳುತ್ತಾರೆ.

ಅಂಗಡಿಯವನ ಕೈಚಳಕ ನೋಡುತ್ತಾ ನಿಂತೆ. ಹುಡುಗನ ವಿಷಯ ವಚನ ಸಾಹಿತ್ಯ. ಹೋಲಿಕೆ ಹಿಡಿದು ರಿಪೋರ್ಟ್ ಕೊಡುವ ಸಾಫ್ಟ್‌ವೇರ್ ಪದ ನೋಡುತ್ತದೆ ಅಂತ ಇವನು ಪದವನ್ನೇ ಬದಲಾಯಿಸುತ್ತಿದ್ದ. ‘ವಚನ ಚಳವಳಿ’ ಹೋಗಿ ‘ಮಾತಿನ ಮುಷ್ಕರ’ ಬಂತು. ‘ಅನುಭವ ಮಂಟಪ’ ‘ಅನುಭವದ ಛತ್ರ’ವಾಯಿತು. ‘ಕಲ್ಯಾಣ ಕ್ರಾಂತಿ’ಯಂತೂ ‘ಮದುವೆಮನೆ ಗಲಾಟೆ’. (ಇತಿಹಾಸ ನೋಡಿದರೆ ಅದು ಪೂರ್ತಿ ತಪ್ಪೇನೂ ಅಲ್ಲ ಅನ್ನಿ.)

ಪಾಪ, ವಚನಕಾರರು. ಒಂದೊಂದು ವಚನಕ್ಕೂ ಅಂಕಿತ ಹಾಕಿದರು. ಸ್ವಂತ ಹೆಸರು ಬೇಡವೆಂದು ದೇವರ ಹೆಸರಿಟ್ಟರು. ಆದರೂ ಕೂಡಲಸಂಗಮದೇವ ಅಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ ಅಂತ ಇವತ್ತಿಗೂ ಯಾರಾದರೂ ಹೇಳುತ್ತಾರೆ. ಈ ಪ್ರಬಂಧದ ರಟ್ಟಿನ ಮೇಲೆ ಹುಡುಗನ ಹೆಸರು ಬಂಗಾರದ ಅಕ್ಷರದಲ್ಲಿ ಇರುತ್ತದೆ. ಒಳಗಿರುವುದು ಯಾರದ್ದು ಅಂತ ಅವನಿಗೂ ಗೊತ್ತಿಲ್ಲ.

‘ನಿಮ್ಮ ಗೈಡ್ ಇದನ್ನ ಓದಲ್ವಾ?’ ಅಂತ ಸುಮ್ನೆ ಕೇಳಿದೆ.

‘ರಿಪೋರ್ಟ್ ಓದ್ತಾರೆ ಸಾರ್.’

ಸಂಜೆ ಮತ್ತೆ ಅದೇ ದಾರಿಯಲ್ಲಿ ಬಂದಾಗ ರಿಪೋರ್ಟ್ ಬಂದಿತ್ತು. 9 ಪರ್ಸೆಂಟ್! ಹುಡುಗ ಅಂಗಡಿಯವನಿಗೆ ಕಾಫಿ ತರಿಸಿದ, ನನಗೂ ಒಂದು ಸಿಕ್ಕಿತು. ಆ ಒಂಬತ್ತರಲ್ಲಿ ಏನು ಸಿಕ್ಕಿಬಿದ್ದಿದೆ ಅಂತ ಬಗ್ಗಿ ನೋಡಿದೆ. ಕೆಂಪು ಬಣ್ಣ ಹತ್ತಿದ್ದು ಒಂದೇ ಕಡೆ. ಹೋದ ವರ್ಷ ಹುಡುಗನೇ ಕೂತು ಬರೆದು ಅಚ್ಚು ಹಾಕಿಸಿದ್ದ ಲೇಖನವದು.