ನಿಂತರೆ ದಿಕ್ಕಿಲ್ಲ

ಜಿಪಿಎಸ್ ಯಂತ್ರ ಬಂದ ಪೆಟ್ಟಿಗೆಯ ಮೇಲೆ ಬೆಟ್ಟದ ಚಿತ್ರ, ದೋಣಿಯ ಚಿತ್ರ, ಕೊನೆಗೊಂದು ಪುಟ್ಟ ಕಾರಿನ ಚಿತ್ರ. ಆ ಕಾರನ್ನು ಬರೆದ ಪುಣ್ಯಾತ್ಮ ಯಾರೋ, ಅವನ ಕೈಗೆ ಇದೇ ಯಂತ್ರ ಕೊಟ್ಟು ಪೋರ್ಟ್‌ಲೆಂಡಿನ ಸಂಜೆ ಐದರ ಟ್ರಾಫಿಕ್ಕಿಗೆ ಬಿಡಬೇಕು.

ಅಮೆರಿಕದಲ್ಲಿರುವ ನಮ್ಮವರಿಗೆ ಜಿಯೋಕ್ಯಾಶಿಂಗ್, ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಅಂಕಿ ಹಿಡಿದು ಹುಡುಕುವ ಆಟದ ಹುಚ್ಚು ಹತ್ತಿದ ಮೇಲೆ ಬರುವ ಮೊದಲ ಲೆಕ್ಕ ಒಂದೇ: ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಕೊಂಡರೆ ಕಾಡಿಗೂ ಆಯಿತು, ಕಾರಿಗೂ ಆಯಿತು. ಮಗನಿಗೆ ಎರಡು ಸೈಜು ದೊಡ್ಡ ಶರ್ಟು ಹೊಲಿಸಿದ ವಂಶದವರು ನಾವು, ಬೇರೆ ಥರ ಯೋಚಿಸಲು ಬರುವುದಿಲ್ಲ.

ಗಾರ್ಮಿನ್ ಕಂಪನಿಯ ಈಟ್ರೆಕ್ಸ್ 22ಎಕ್ಸ್ ಅನ್ನೇ ನೋಡಿ. ಎರಡು ಎಎ ಸೆಲ್ಲಿಗೆ 25 ಗಂಟೆ ನಡೆಯುತ್ತದೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಬದುಕುತ್ತದೆ, ಬಿಸಿಲು ಜೋರಾದಷ್ಟೂ ಪರದೆ ಸ್ಪಷ್ಟವಾಗುತ್ತದೆ. ಕಾಡಿಗೆ ಬೇಕಾದದ್ದು ಇಷ್ಟೇ. ಕಾರಿಗೆ? ಪರದೆ 2.2 ಇಂಚು, ಬಾಯಿಯಂತೂ ಇಲ್ಲವೇ ಇಲ್ಲ. ತಿರುವು ಬಂದಾಗ 'ಪೀಂ' ಎನ್ನುತ್ತದೆ. ಎಡಕ್ಕೋ ಬಲಕ್ಕೋ ಎಂದು ಕೇಳಿದರೆ ಅದಕ್ಕೂ 'ಪೀಂ'. ಹಾಗಾಗಿ ಪಕ್ಕದ ಸೀಟಿನಲ್ಲಿ ಒಬ್ಬರು ಓದಿ ಹೇಳಬೇಕು. ಅವರು ಕನ್ನಡಕ ಹಾಕಿಕೊಂಡು, ಬಿಸಿಲಿಗೆ ವಾಲಿಸಿ, ಗೆರೆ ಹಿಡಿದು ಹೇಳುತ್ತಾರೆ: "ಬಲಕ್ಕೆ... ಬಲಕ್ಕಿತ್ತು."

ಇನ್ನು ಸೆಟ್ಟಿಂಗು. ರೂಟಿಂಗನ್ನು, ಅಂದರೆ ದಾರಿ ಲೆಕ್ಕ ಹಾಕುವ ರೀತಿಯನ್ನು, 'ಡೈರೆಕ್ಟ್'ನಲ್ಲಿ ಬಿಟ್ಟು ಕಾರು ಹತ್ತಿದರೆ ಕೊಲಂಬಿಯಾ ನದಿಯ ಮೇಲೆ ಸ್ಕೇಲಿಟ್ಟಂತೆ ಗೆರೆ ಎಳೆದು 'ನಡಿ' ಎನ್ನುತ್ತದೆ, ಸೇತುವೆಯ ಮಾತೇ ಇಲ್ಲ. 'ಡ್ರೈವಿಂಗ್'ನಲ್ಲಿ ಬಿಟ್ಟು ಕಾಡಿಗೆ ಇಳಿದರೆ, ಕೂಗಿದರೆ ಕೇಳುವಷ್ಟು ಹತ್ತಿರದ ಡಬ್ಬಿಗೂ ಡಾಂಬರು ರಸ್ತೆಯಲ್ಲಿ ಊರು ಸುತ್ತಿಸುತ್ತದೆ. ಜೊತೆಗೆ 'ಲಾಕ್ ಆನ್ ರೋಡ್' ಚಾಲೂ ಇದ್ದರೆ ನೀವು ಪೊದೆಯಲ್ಲಿ ಸೊಂಟದವರೆಗೆ ಇಳಿದಿದ್ದರೂ ನಕ್ಷೆಯಲ್ಲಿ ಸಭ್ಯವಾಗಿ ರಸ್ತೆಯ ಮೇಲೇ ನಿಂತಿರುತ್ತೀರಿ. ಉಪಾಯ ಸುಲಭ: ಎರಡು ಪ್ರೊಫೈಲ್ (ಸೆಟ್ಟಿಂಗಿನ ಕಟ್ಟು) ಮಾಡಿ, ಒಂದರಲ್ಲಿ ಡ್ರೈವಿಂಗ್ ಮತ್ತು ಲಾಕ್, ಇನ್ನೊಂದರಲ್ಲಿ ಡೈರೆಕ್ಟ್. ಕಾರಿನಿಂದ ಇಳಿದಾಗೊಮ್ಮೆ, ಹತ್ತಿದಾಗೊಮ್ಮೆ ಬದಲಿಸಿದರಾಯಿತು. ಬದಲಿಸುವುದು ಯಾರಿಗೂ ನೆನಪಾಗುವುದಿಲ್ಲ, ಅದು ಬೇರೆ ಮಾತು.

ಈಗ ನನ್ನ ನಿಜವಾದ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. 22ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ. ಅದಿರುವುದು ಅದರ ಅಣ್ಣ 32ಎಕ್ಸ್‌ನಲ್ಲಿ. ದಿಕ್ಸೂಚಿ ಇಲ್ಲದ ಜಿಪಿಎಸ್, ನೀವು ನಡೆಯುತ್ತಿದ್ದರೆ ಮಾತ್ರ ಯಾವ ಕಡೆ ಮುಖ ಮಾಡಿದ್ದೀರಿ ಎಂದು ಲೆಕ್ಕ ಹಾಕಬಲ್ಲದು. ನಿಂತರೆ ದಿಕ್ಕಿಲ್ಲ. ಮನುಷ್ಯ ನಿಧಾನಿಸುವುದು, ನಿಲ್ಲುವುದು ಎಲ್ಲಿ? ಡಬ್ಬಿಯ ಹತ್ತಿರ ಬಂದಾಗಲೇ! ಅಲ್ಲಿಯವರೆಗೆ ನೆಟ್ಟಗಿದ್ದ ಬಾಣ ಸರಿಯಾಗಿ ಆಗಲೇ ಗಿರಗಿರ ತಿರುಗತೊಡಗುತ್ತದೆ. ಮೇಲೆ ಒದ್ದೆ ಎಲೆಯ ಮರಗಳಿದ್ದರಂತೂ ನೀವು ನಿಂತಲ್ಲೇ ಇದ್ದರೂ ದೂರ ನಾಲ್ಕು ಮೀಟರ್, ಒಂಬತ್ತು, ಆರು ಎಂದು ಮನಸ್ಸಿಗೆ ಬಂದದ್ದು ಹೇಳುತ್ತದೆ. ಬಚ್ಚಿಟ್ಟವನ ಯಂತ್ರದ ತಪ್ಪೂ ಇದಕ್ಕೆ ಸೇರುವುದರಿಂದ ಡಬ್ಬಿ ಹತ್ತು ಮೀಟರ್ ಆಸುಪಾಸಿನಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಇದಕ್ಕೆ ಬಲ್ಲವರು ಮಾಡುವುದು ಹೀಗೆ: ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಬಾಣ ನೋಡುತ್ತ ಬಿರಬಿರನೆ ನೇರ ನಡೆದು ಬರುವುದು. ಆಮೇಲೆ ಬೇರೊಂದು ದಿಕ್ಕಿನಿಂದ ಅದೇ, ಇನ್ನೊಂದು ದಿಕ್ಕಿನಿಂದ ಮತ್ತೆ ಅದೇ. ಮೂರು ಗೆರೆ ಕೂಡುವಲ್ಲಿ ಹುಡುಕುವುದು. ಸರಿಯಾದ ವಿಧಾನವೇ. ಆದರೆ ಭಾನುವಾರದ ಪಾರ್ಕಿನಲ್ಲಿ, ನಾಯಿ ಹಿಡಿದವರ ನಡುವೆ, ವಯಸ್ಕನೊಬ್ಬ ಒಂದೇ ಮರಕ್ಕೆ ಮತ್ತೆ ಮತ್ತೆ ದಾಳಿ ಮಾಡುವುದನ್ನು ನೋಡಿ. ಬೆಂಚಿನಲ್ಲಿ ಊರಿಂದ ಬಂದ ಮಾವನವರು ಕೂತಿರುತ್ತಾರೆ. ಮೊದಲ ಸಲ ಸುಮ್ಮನಿರುತ್ತಾರೆ. ಎರಡನೆಯದಕ್ಕೆ, "ಏನಾದ್ರೂ ಕಳಕೊಂಡ್ರಾ ಅಳಿಯಂದ್ರೇ?" ಮೂರನೆಯದಕ್ಕೆ ಎದ್ದು ಬಂದು, ತಮ್ಮ ಫೋನು ತೆಗೆದು, "ಜಿಪಿಎಸ್ ಇದರಲ್ಲೇ ಇದೆಯಲ್ಲಪ್ಪಾ!"

32ಎಕ್ಸ್ ಕೊಂಡವರೂ ಬೀಗಬೇಕಾಗಿಲ್ಲ. ಸೆಲ್ ಬದಲಿಸಿದಾಗ ದಿಕ್ಸೂಚಿಗೆ ಕ್ಯಾಲಿಬ್ರೇಶನ್, ಅಂದರೆ ದಿಕ್ಕು ಸರಿಹೊಂದಿಸುವ ಸೇವೆ ಆಗಬೇಕು, ಅದೂ ಕಾರು, ಕಬ್ಬಿಣದ ಗೇಟುಗಳಿಂದ ದೂರ. ಪರದೆ ಹೇಳಿದಂತೆ ಯಂತ್ರವನ್ನು ಮಗ್ಗುಲಿಂದ ಮಗ್ಗುಲಿಗೆ, ತಲೆಕೆಳಗಾಗಿ ಸುತ್ತಿಸಬೇಕು. ಗಾರ್ಮಿನ್‌ನದೇ ಹಳೆಯ 60ಸಿಎಸ್ಎಕ್ಸ್ ಇನ್ನೂ ಕಟ್ಟುನಿಟ್ಟು: ಅದನ್ನು ಮಟ್ಟಸವಾಗಿ ಹಿಡಿದು ನೀವೇ ಎರಡು ಸುತ್ತು ತಿರುಗಬೇಕು, 'ಜೋರಾಯಿತು', 'ನಿಧಾನವಾಯಿತು', 'ಈಗ ಸರಿ' ಎಂದು ಅದು ಭರತನಾಟ್ಯದ ಮೇಡಂ ಹಾಗೆ ತಿದ್ದುತ್ತಿರುತ್ತದೆ.

ಅಂಕಿ ತುಂಬುವಲ್ಲೂ ಒಂದು ಗುಂಡಿಯಿದೆ. ಈ ಆಟದ ವಿಳಾಸಗಳಿರುವುದು ಡಿಗ್ರಿ ಮತ್ತು ದಶಾಂಶ ನಿಮಿಷದಲ್ಲಿ. 45° 17.460 ಎಂಬುದನ್ನು 17 ನಿಮಿಷ 46 ಸೆಕೆಂಡ್ ಎಂದು ಒತ್ತಿದರೆ ಸುಮಾರು 570 ಮೀಟರ್ ಉತ್ತರಕ್ಕೆ ಹೋಗಿ ಯಾರದೋ ಬೇಲಿ ಹಾರುತ್ತೀರಿ, 0.460 ನಿಮಿಷ ಎಂದರೆ 27.6 ಸೆಕೆಂಡ್ ಮಾತ್ರ. ಅಂದ ಹಾಗೆ ಆ ಅಂಕಿ ಓರೆಗನ್‌ನ ಬೀವರ್‌ಕ್ರೀಕ್ ಬಳಿಯದು. 2000ದ ಮೇ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಅಲ್ಲಿ ಒಂದು ಕಪ್ಪು ಬಕೆಟ್ ಹೂತಿಟ್ಟ, ಈ ಆಟದ ಮೊದಲ ಡಬ್ಬಿ ಅದೇ. ಒಳಗೆ ಪುಸ್ತಕ, ವಿಡಿಯೊ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್. ಆ ವರ್ಷದ ಹಳದಿ ಈಟ್ರೆಕ್ಸ್‌ನಲ್ಲಿ ನಕ್ಷೆಯೇ ಇರಲಿಲ್ಲ: ಒಂದು ಬಾಣ, ಒಂದು ದೂರ. ಅದನ್ನು ಹಿಡಿದೂ ಜನ ಹುಡುಕಿದರು. ಯಾವ ಪ್ರೊಫೈಲು ಎಂದು ಯಾರೂ ಕೇಳಲಿಲ್ಲ. ಅದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಎರಡಕ್ಕೂ ಆಗುವಂಥದ್ದು ಬರಲೇ ಇಲ್ಲ ಎನ್ನುವಂತಿಲ್ಲ. ಗಾರ್ಮಿನ್‌ನದೇ ನೂವಿ 500 ಇತ್ತು: ಮಾತಾಡುತ್ತಿತ್ತು, ನೀರಿಗೆ ಹೆದರುತ್ತಿರಲಿಲ್ಲ, ಡಬ್ಬಿಗಳ ವಿವರವನ್ನೂ ಇಟ್ಟುಕೊಳ್ಳುತ್ತಿತ್ತು. ಈಗ ಅಂಗಡಿಯಲ್ಲಿಲ್ಲ. ಮೊಂಟಾನಾ ಎಂಬ ಅವರದೇ ಮಾದರಿ ಇದೆ, ಕಾರಿನ ಸ್ಟ್ಯಾಂಡಿಗೆ ಕೂರಿಸಿದರೆ ಮಾತಾಡುತ್ತದೆ, ಆದರೆ ಆ ಬೆಲೆಗೆ ಊರಿಗೆ ಹೋಗುವ ಟಿಕೆಟ್ಟಿನ ಮುಕ್ಕಾಲು ಬರುತ್ತದೆ. ಆದ್ದರಿಂದ ನನ್ನ ಮಾತು ಕೇಳುವುದಾದರೆ ಕಾಡಿಗೆ 32ಎಕ್ಸ್, ರಸ್ತೆಗೆ ಫೋನು. ಹೌದು, ಮಾವನವರು ಹೇಳಿದ್ದರಲ್ಲಿ ಅರ್ಧ ಸರಿ. ಉಳಿದರ್ಧವನ್ನು ಮಳೆ ನೋಡಿಕೊಳ್ಳುತ್ತದೆ: ಒದ್ದೆಯಾದ ಫೋನಿನ ಪರದೆಗೆ ಹನಿಯೂ ಬೆರಳೂ ಒಂದೇ.

ಇಷ್ಟಾದ ಮೇಲೂ ಈಟ್ರೆಕ್ಸನ್ನೇ ಕಾರಿಗೆ ಸಿಕ್ಕಿಸುತ್ತೇನೆ ಎನ್ನುವ ಹಟವಾದಿಗಳಿಗೆ: ಕೆಲವು ಕಾರಿನ ಯುಎಸ್‌ಬಿಗೆ ಚುಚ್ಚಿದರೆ ಅದು ತನ್ನನ್ನು ಕಂಪ್ಯೂಟರಿಗೆ ಸೇರಿಸಿದರು ಎಂದುಕೊಂಡು ದಾರಿ ತೋರಿಸುವುದನ್ನೇ ಬಿಡುತ್ತದೆ. ಸಿಸ್ಟಮ್ ಮೆನುವಿನ ಇಂಟರ್‌ಫೇಸ್‌ನಲ್ಲಿ 'ಗಾರ್ಮಿನ್ ಸ್ಪ್ಯಾನರ್' ಆರಿಸಿಡಿ, ಆಗ ಕಂಪ್ಯೂಟರಿಗೆ ಸೇರಿಕೊಳ್ಳಲೇ ಎಂದು ಕೇಳಿಯಾದರೂ ಕೇಳುತ್ತದೆ. ಕೇಬಲ್ ಹಳೆಯ ಮಿನಿ ಯುಎಸ್‌ಬಿ, ಮನೆಯ ಯಾವ ಡ್ರಾಯರಿನಲ್ಲೂ ಸಿಗುವುದಿಲ್ಲ. ಸಿಕ್ಕಿ, ಚುಚ್ಚಿ, ಒಳಗಿನ ಸೆಲ್ಲು ಚಾರ್ಜಾಗುತ್ತಿದೆ ಎಂದುಕೊಂಡಿದ್ದರೆ, ಅದೂ ಆಗುತ್ತಿರುವುದಿಲ್ಲ.