ಅತಿಥಿಗಳ ಕಡವು

ಲಾವೋಸ್ ದೇಶದ ನಡುಭಾಗದಲ್ಲಿ, ಮೆಕಾಂಗ್ ನದಿಯ ಎಡದಂಡೆಯ ಮೇಲೆ ಥಾಖೆಕ್ ಎಂಬ ಸಣ್ಣ ಪಟ್ಟಣವಿದೆ. ಲಾವೋ ಭಾಷೆಯಲ್ಲಿ ‘ಥಾ’ ಎಂದರೆ ದೋಣಿ ತಂಗುವ ಕಡವು, ‘ಖೆಕ್’ ಎಂದರೆ ಅತಿಥಿ. ಎರಡೂ ಸೇರಿ ಅತಿಥಿಗಳ ಕಡವು. ಅದೇ ‘ಖೆಕ್’ ಎಂಬ ಪದವನ್ನು ಅಲ್ಲಿಯ ಜನ ನಮ್ಮಂಥ ಭಾರತೀಯರನ್ನು ಗುರುತಿಸಲೂ ಬಳಸುತ್ತಾರೆ ಎಂದು ತಿಳಿದಾಗ ನನಗೆ ಆ ಊರಿನ ಹೆಸರು ನಮ್ಮನ್ನೇ ಕೂಗಿ ಕರೆದಂತೆ ಕೇಳಿಸಿತು. ಬಾಗಲಕೋಟೆಯಲ್ಲಿ ಹುಟ್ಟಿ, ಇಪ್ಪತ್ತನಾಲ್ಕು ವರ್ಷಗಳಿಂದ ಪುಣೆಯ ಚಿಂಚವಡದಲ್ಲಿ ನೆಲೆಸಿ, ಮರಾಠಿಯಲ್ಲಿ ತರಕಾರಿ ಕೊಂಡು ಕನ್ನಡದಲ್ಲಿ ಊಟ ಮಾಡುವ ನನ್ನಂಥವನಿಗೆ ಅತಿಥಿ ಎಂಬ ಪದ ಬರೀ ಮರ್ಯಾದೆಯ ಮಾತಲ್ಲ. ಬಂದವನು ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆ ಅದರೊಳಗೇ ಇದೆ. ಕಳೆದ ಫೆಬ್ರುವರಿಯಲ್ಲಿ ಆ ಊರಿನಲ್ಲಿ ಮತ್ತು ಅದರ ಸುತ್ತಲಿನ ಗವಿಗಳ ದಾರಿಯಲ್ಲಿ ಕಳೆದ ದಿನಗಳು ಈ ಪ್ರಶ್ನೆಯನ್ನು ನನ್ನ ಮುಂದೆ ಹೊಸದಾಗಿ ಇಟ್ಟವು.

ಹೋಗುವುದಕ್ಕೆ ಮೊದಲಿನ ಒಂದು ಸಂಗತಿಯನ್ನು ಹೇಳಲೇಬೇಕು. ಮಳೆಗಾಲ ಬಂತೆಂದರೆ ಪುಣೆಯ ಮೋಟಾರ್‌ಸೈಕಲ್ ಗಾಡಿಗಳೆಲ್ಲ ಘಟ್ಟದತ್ತ ಮುಖ ಮಾಡುತ್ತವೆ. ತಾಮ್ಹಿಣಿ, ಮಾಳಶೇಜ್, ಲೋಣಾವಳ, ಮುಳಶಿ ಎಂದು ಶನಿವಾರ ಭಾನುವಾರಗಳಲ್ಲಿ ಸಾಲುಸಾಲಾಗಿ ಹೊರಡುವ ಸವಾರರಲ್ಲಿ ನಮ್ಮ ಕನ್ನಡದ ಗೆಳೆಯರ ಗುಂಪೂ ಒಂದು. ಮೂರು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ನಾವು ಹದಿನಾರು ಗಾಡಿಗಳಲ್ಲಿ ಕಾರ್ಲಾ ಗವಿಗಳಿಗೆ ಹೋಗಿದ್ದೆವು. ಅಲ್ಲಿಯ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನೆಯ ಮಂದಿರ, ನಮ್ಮ ದೇಶದ ಕಲ್ಲು ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅದರ ಚಾವಣಿಗೆ ಜೋಡಿಸಿದ ಮರದ ಕಮಾನುಗಳು ಇಂದಿಗೂ ಅಲ್ಲೇ ಇವೆ. ನಮ್ಮಲ್ಲೊಬ್ಬ ಒಳಗೆ ಕಾಲಿಟ್ಟೊಡನೆ ಪ್ರತಿಧ್ವನಿ ಕೇಳುವ ಆಸೆಯಿಂದ ಗಟ್ಟಿಯಾಗಿ ಕೂಗಿದ. ಮತ್ತೊಬ್ಬ ಸಿಳ್ಳೆ ಹಾಕಿದ. ಆಮೇಲೆ ಎಲ್ಲರೂ ಕೂಗಿದೆವು, ನಾನೂ ಕೂಗಿದೆ. ಏಕವೀರಾ ದೇವಿಯ ದರ್ಶನಕ್ಕೆ ಬಂದಿದ್ದ ಒಬ್ಬ ಮುದುಕಿ ಕಂಬದ ಬುಡದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಅವಳು ಒಂದು ಮಾತೂ ಆಡದೆ ಎದ್ದು, ಸೆರಗು ಸರಿಪಡಿಸಿಕೊಂಡು ಹೊರಗೆ ನಡೆದಳು. ಅವಳು ನಮ್ಮನ್ನು ಬೈದಿದ್ದರೆ ನಾನು ಅದನ್ನು ಎಂದೋ ಮರೆತಿರುತ್ತಿದ್ದೆ.

ಥಾಖೆಕ್‌ಗೆ ನಾವು ಹೋದದ್ದು ನಾಲ್ವರು: ನಾನು, ನನ್ನ ಹೆಂಡತಿ, ನೆರೆಮನೆಯ ಮರಾಠಿ ಗೆಳೆಯ ಮತ್ತು ಅವರ ಪತ್ನಿ. ಬ್ಯಾಂಕಾಕ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ನದಿಯ ಈಚೆದಂಡೆಯಲ್ಲಿರುವ ಥಾಯ್ಲೆಂಡಿನ ನಖೋನ್ ಫನೋಮ್ ಸೇರಿ, 2011ರ ನವೆಂಬರಿನಲ್ಲಿ ತೆರೆದ ಮೂರನೆಯ ಮೈತ್ರಿ ಸೇತುವೆಯನ್ನು ಬಸ್ಸಿನಲ್ಲಿ ದಾಟಿದೆವು. ಥಾಯ್ಲೆಂಡಿನಲ್ಲಿ ವಾಹನಗಳು ನಮ್ಮಂತೆ ಎಡಗಡೆ ಚಲಿಸುತ್ತವೆ, ಲಾವೋಸಿನಲ್ಲಿ ಬಲಗಡೆ. ಮೂವತ್ತು ವರ್ಷ ಗಾಡಿ ಓಡಿಸಿದವನೂ ಅಲ್ಲಿ ಮೊದಲ ದಿನ ಪ್ರತಿ ತಿರುವಿನಲ್ಲಿ ಕಲಿಯುವವನಾಗಬೇಕಾಗುತ್ತದೆ. ಸಂಜೆ ನದಿಯ ಪಕ್ಕದ ರಸ್ತೆಯಲ್ಲಿ ನಡೆದಾಗ ಫ್ರೆಂಚರ ಕಾಲದ ಹಳೆಯ ಕಟ್ಟಡಗಳು, ಕಾರಂಜಿಯ ಸಣ್ಣ ಚೌಕ, ಕೆಂಡದ ಮೇಲೆ ಮೀನು ಸುಡುವ ಅಂಗಡಿಗಳು, ಆಚೆದಂಡೆಯಲ್ಲಿ ನಖೋನ್ ಫನೋಮ್‌ನ ದೀಪಗಳು ಕಂಡವು. ಹತ್ತು ನಿಮಿಷ ನಡೆದರೂ ಒಂದು ಹಾರ್ನ್ ಕೇಳಲಿಲ್ಲ ಎಂದು ಮೊದಲು ಗಮನಿಸಿದವಳು ನನ್ನ ಹೆಂಡತಿ.

ಆ ನಿಶ್ಶಬ್ದವನ್ನು ಕಂಡು ಆ ಊರಿಗೆ ಚರಿತ್ರೆಯೇ ಇಲ್ಲವೆಂದು ಭಾವಿಸಬಾರದು. 1946ರ ಮಾರ್ಚ್ 21ರಂದು ಫ್ರೆಂಚ್ ಸೇನೆ ಈ ಪಟ್ಟಣವನ್ನು ಮತ್ತೆ ವಶಪಡಿಸಿಕೊಂಡಾಗ ಇಲ್ಲಿ ದೊಡ್ಡ ರಕ್ತಪಾತವೇ ಆಯಿತು. ಸ್ವಾತಂತ್ರ್ಯ ಹೋರಾಟಗಾರರ ಪಡೆಯನ್ನು ನಡೆಸುತ್ತಿದ್ದ ರಾಜಕುಮಾರ ಸುಫನುವೊಂಗ್ ಗಾಯಗೊಂಡು ಈ ಮೆಕಾಂಗನ್ನೇ ದಾಟಿ ಪಾರಾದರು. ಆಮೇಲೆ 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸಿನ ಮೇಲೆ ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿದವು, ಮತ್ತು ವಿಯೆಟ್ನಾಂ ಯುದ್ಧದಲ್ಲಿ ಉತ್ತರ ವಿಯೆಟ್ನಾಮಿನ ಸೇನೆ ಸಾಮಗ್ರಿ ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿ ಹಾದುಹೋದ ಪ್ರಾಂತಗಳಲ್ಲಿ ಥಾಖೆಕ್ ರಾಜಧಾನಿಯಾಗಿರುವ ಖಮ್ಮುವಾನ್ ಕೂಡ ಒಂದು. ಸಿಡಿಯದೆ ಉಳಿದ ಬಾಂಬುಗಳು ಈಗಲೂ ನೆಲದಲ್ಲಿವೆ. ಆದ್ದರಿಂದ ಸವೆದ ಕಾಲುದಾರಿಯನ್ನು ಬಿಟ್ಟು ಹೆಜ್ಜೆ ಇಡಬಾರದು ಎಂಬುದು ಅಲ್ಲಿ ಶಿಷ್ಟಾಚಾರವಲ್ಲ, ಜೀವದ ಪ್ರಶ್ನೆ.

ಮರುದಿನ ಎರಡು ಗಾಡಿಗಳನ್ನು ಬಾಡಿಗೆಗೆ ಪಡೆದೆವು. ಕ್ಲಚ್ ಇಲ್ಲದ, ಕಾಲಿನಿಂದ ಗೇರು ಬದಲಿಸುವ, ನೂರು ಸಿಸಿಗಿಂತ ಸ್ವಲ್ಪ ಹೆಚ್ಚಿನ ಸಾಧಾರಣ ಗಾಡಿಗಳು ಅವು. ಅಲ್ಲಿಯ ರೈತರು ಹುಲ್ಲಿನ ಹೊರೆ ಹೇರುವುದೂ ಅಂಥ ಗಾಡಿಯ ಮೇಲೆಯೇ, ಮಕ್ಕಳು ಶಾಲೆಗೆ ಹೋಗುವುದೂ ಅದರಲ್ಲೇ. ಹಾಗಾಗಿ ಪ್ರವಾಸಿಗನ ಗಾಡಿಯ ಸದ್ದು ಊರಿನ ಸದ್ದಿನಲ್ಲಿ ಬೆರೆತುಹೋಗುತ್ತದೆ. ಪುಣೆಯಲ್ಲಿ ಸೈಲೆನ್ಸರ್ ಬದಲಿಸಿದ ದಪ್ಪ ಗಾಡಿಗಳು ಬೆಳಿಗ್ಗೆ ಐದಕ್ಕೆ ಹಳ್ಳಿಯ ನಡುವೆ ಹಾದು ಹೋಗುವಾಗ ಮಲಗಿದ ಕೂಸುಗಳು ಬೆಚ್ಚಿ ಏಳುತ್ತವೆ. ಅದನ್ನು ನಾವು ಶೌರ್ಯವೆಂದು ಎಣಿಸುತ್ತ ಬಂದಿದ್ದೇವೆ.

ಥಾಖೆಕ್‌ನಿಂದ ಹೊರಟು ಮತ್ತೆ ಅಲ್ಲಿಗೇ ಬಂದು ಸೇರುವ ಈ ಸುತ್ತು ಸುಮಾರು 450 ಕಿಲೋಮೀಟರ್ ಉದ್ದದ್ದು. ಸವಾರರು ಮೂರರಿಂದ ನಾಲ್ಕು ದಿನಗಳಲ್ಲಿ ಅದನ್ನು ಮುಗಿಸುತ್ತಾರೆ. ಪೂರ್ವಕ್ಕೆ ಹೋಗುವ 12ನೆಯ ಸಂಖ್ಯೆಯ ಹೆದ್ದಾರಿಯ ಎರಡೂ ಬದಿಗೆ ಸುಣ್ಣದ ಕಲ್ಲಿನ ಬೆಟ್ಟಗಳು ಗದ್ದೆಯ ಬಯಲಿನಿಂದ ನೇರವಾಗಿ ಗೋಡೆಯಂತೆ ಎದ್ದು ನಿಂತಿವೆ. ಮಳೆಯ ನೀರು ಲಕ್ಷಾಂತರ ವರ್ಷಗಳಿಂದ ಆ ಕಲ್ಲನ್ನು ಕರಗಿಸುತ್ತ ಬಂದುದರಿಂದ ಬೆಟ್ಟಗಳ ಹೊಟ್ಟೆಯೆಲ್ಲ ಗವಿ. ಅವುಗಳಲ್ಲಿ ಥಾಮ್ ಪಾ ಫಾ ಎಂಬ ಬುದ್ಧನ ಗವಿಯನ್ನು 2004ರ ಏಪ್ರಿಲಿನಲ್ಲಿ ಬಾವಲಿ ಹಿಡಿಯಲು ಬಂಡೆ ಹತ್ತಿದ ಒಬ್ಬ ಹಳ್ಳಿಗ ಕಂಡುಹಿಡಿದ. ಒಳಗೆ 229 ಕಂಚಿನ ಬುದ್ಧ ವಿಗ್ರಹಗಳು, ಯಾರು ಎಂದು ಇರಿಸಿದರೋ, ನೂರಾರು ವರ್ಷ ಕತ್ತಲೆಯಲ್ಲಿ ಕುಳಿತಿದ್ದವು. ಈಗ ಅಲ್ಲಿಗೆ ಮೆಟ್ಟಿಲುಗಳಾಗಿವೆ. ಹೆಂಗಸರು ‘ಸಿನ್’ ಎಂಬ ನೇಯ್ದ ಅಂಚಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡೇ ಒಳಗೆ ಹೋಗಬೇಕು. ಇಲ್ಲದವರಿಗೆ ಅಲ್ಲಿಯೇ ಬಾಡಿಗೆಗೆ ಕೊಡುತ್ತಾರೆ. ನನ್ನ ಹೆಂಡತಿ ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಸಿನ್ ಉಟ್ಟುಕೊಂಡವಳು ಅದರ ಅಂಚನ್ನು ಬೆರಳಿನಿಂದ ತಿರುವಿ ನೋಡಿ, ನೂಲು ಯಾವ ಬಗೆಯದೆಂದು ಅದನ್ನು ಕೊಟ್ಟ ಹೆಂಗಸನ್ನು ಕೈಸನ್ನೆಯಿಂದಲೇ ಕೇಳಿದಳು. ಇಬ್ಬರಿಗೂ ಒಂದೇ ಒಂದು ಸಮಾನ ಪದವಿರಲಿಲ್ಲ, ಆದರೂ ಕಾಲು ಗಂಟೆ ಮಾತಾಡಿದರು. ಒಳಗೆ ಹೋದಾಗ ನಾಲ್ಕೈದು ದೇಶಗಳ ಜನರಿದ್ದರು. ಯಾರೂ ಯಾರಿಗೂ ಸುಮ್ಮನಿರಿ ಎಂದು ಹೇಳಿರಲಿಲ್ಲ. ಎಲ್ಲರೂ ಸುಮ್ಮನಿದ್ದರು. ನನಗೆ ಕಾರ್ಲಾದ ಮುದುಕಿ ನೆನಪಾದಳು.

ಸುತ್ತಿನ ಎರಡನೆಯ ಭಾಗ ನಕಾಯ್ ಪ್ರಸ್ಥಭೂಮಿ. ಈ ದಾರಿಯ ಕುರಿತು ಓದಿದವರು ಅಲ್ಲಿಯ ಒಣಗಿದ ಮರಗಳ ಚಿತ್ರವನ್ನು ಕಂಡಿರುತ್ತಾರೆ: ಕಣ್ಣು ಹಾಯುವವರೆಗೂ ನೀರು, ನೀರಿನಲ್ಲಿ ಎಲೆಯಿಲ್ಲದೆ ನಿಂತ ಸಾವಿರಾರು ಬೂದುಬಣ್ಣದ ಮರಗಳು. ನಾಮ್ ಥೆಯುನ್ 2 ಎಂಬ ಜಲವಿದ್ಯುತ್ ಯೋಜನೆಯ ಜಲಾಶಯವದು. 1,070 ಮೆಗಾವಾಟ್ ಸಾಮರ್ಥ್ಯದ ಆ ಯೋಜನೆ 2010ರಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿತು. ಅಲ್ಲಿಯ ವಿದ್ಯುತ್ತಿನ ಬಹುಪಾಲು ಥಾಯ್ಲೆಂಡಿಗೆ ಹೋಗುತ್ತದೆ. ಸುಮಾರು 450 ಚದರ ಕಿಲೋಮೀಟರ್ ನೆಲ ಮುಳುಗಿ, ಆರು ಸಾವಿರಕ್ಕೂ ಹೆಚ್ಚು ಜನ ಹೊಸ ಹಳ್ಳಿಗಳಿಗೆ ಹೋಗಬೇಕಾಯಿತು. ಜೊತೆಯ ಸವಾರರು ಗಾಡಿ ನಿಲ್ಲಿಸಿ ಸೂರ್ಯಾಸ್ತದ ಫೋಟೊ ತೆಗೆಯುತ್ತಿದ್ದರು. ನನಗೆ ಅದು ಸಾಧ್ಯವಾಗಲಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿದಾಗ ನಮ್ಮ ಅಜ್ಜನ ಮನೆಯೂ ಹೋಯಿತು. ಬಾಗಿಲ ಚೌಕಟ್ಟು, ತೊಲೆ, ಜಂತಿಗಳನ್ನು ಕಿತ್ತು ಎತ್ತಿನ ಬಂಡಿಯಲ್ಲಿ ನವನಗರಕ್ಕೆ ಸಾಗಿಸಿದ್ದು ನನಗೆ ನೆನಪಿದೆ. ಓಣಿಯ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದ ಜನ ಸೆಕ್ಟರಿನ ಸಂಖ್ಯೆಯಿಂದ ಗುರುತಿಸಿಕೊಳ್ಳತೊಡಗಿದರು. ಆದ್ದರಿಂದ ಆ ಮರಗಳು ನನಗೆ ದೃಶ್ಯವಾಗಿ ಕಾಣಲಿಲ್ಲ. ಅಂದು ರಾತ್ರಿ ಥಾಲಾಂಗ್‌ನಲ್ಲಿ ನೀರಿನಂಚಿನ ಗುಡಿಸಿಲಿನಲ್ಲಿ ಮಲಗಿದಾಗ, ಪ್ರವಾಸಿಗನಾದವನು ತಾನು ನೋಡುತ್ತಿರುವುದು ಯಾರದ್ದೋ ಮನೆಯ ಜಾಗ ಎಂಬುದನ್ನು ತಿಳಿದಿರುವುದೇ ಅತಿಥಿಯ ಮೊದಲ ಕರ್ತವ್ಯವೆಂದು ಅನ್ನಿಸಿತು.

ಮೂರನೆಯ ದಿನ ಲಕ್ ಸಾವ್ ದಾಟಿ 8ನೆಯ ಹೆದ್ದಾರಿಯಲ್ಲಿ ಬರುವಾಗ ಥಾ ಬಾಕ್ ಎಂಬ ಹಳ್ಳಿಯ ಹೊಳೆಯಲ್ಲಿ ವಿಚಿತ್ರ ದೋಣಿಗಳು ಕಾಣುತ್ತವೆ. ಯುದ್ಧವಿಮಾನಗಳು ಆಕಾಶದಿಂದ ಕಳಚಿ ಎಸೆದ ಇಂಧನದ ಟ್ಯಾಂಕುಗಳನ್ನು ಉದ್ದಕ್ಕೆ ಸೀಳಿ ಮಾಡಿದ ದೋಣಿಗಳು ಅವು. ಅದರ ಕುರಿತು ಹೆಚ್ಚು ಬರೆಯುವ ಅಗತ್ಯವಿಲ್ಲ.

ಕಾಂಗ್ ಲೋರ್ ಎಂಬ ಗವಿ ಈ ಸುತ್ತಿನ ಹೃದಯ. ಹಿನ್ ಬುನ್ ಎಂಬ ನದಿ ಒಂದು ಬೆಟ್ಟದ ಒಂದು ಬದಿಯಿಂದ ಒಳಹೊಕ್ಕು, ಸುಮಾರು ಏಳು ಕಿಲೋಮೀಟರ್ ಕತ್ತಲೆಯಲ್ಲಿ ಹರಿದು, ಮತ್ತೊಂದು ಬದಿಯ ಕಣಿವೆಯಲ್ಲಿ ಹೊರಬರುತ್ತದೆ. ಒಂದೊಂದು ದೋಣಿಯಲ್ಲಿ ಮೂವರಿಗಿಂತ ಹೆಚ್ಚು ಜನರನ್ನು ಕೂರಿಸುವುದಿಲ್ಲ; ಮುಂದೊಬ್ಬ, ಹಿಂದೊಬ್ಬ ಅಂಬಿಗ. ನಮಗೆ ಜೀವರಕ್ಷಕ ಅಂಗಿ ತೊಡಿಸಿ, ಹಣೆಗೆ ದೀಪ ಕಟ್ಟಿದರು. ಒಳಗೆ ಹೋದಂತೆ ಚಾವಣಿ ಎಷ್ಟು ಎತ್ತರಕ್ಕೆ ಸರಿಯಿತೆಂದರೆ ದೀಪದ ಬೆಳಕು ಅದನ್ನು ಮುಟ್ಟದೆ ನಡುವೆಯೇ ಕರಗಿತು. ಬೇಸಿಗೆಯ ನೀರು ತಗ್ಗಾದ ಕಡೆ ಎಲ್ಲರೂ ಇಳಿದು, ಮೊಳಕಾಲುದ್ದದ ನೀರಿನಲ್ಲಿ ನಿಂತು, ಅಂಬಿಗರು ಜಲ್ಲಿಯ ಮೇಲೆ ದೋಣಿ ಎಳೆದು ದಾಟಿಸುವುದನ್ನು ಕಾಯಬೇಕು. ನಮ್ಮ ಗೆಳೆಯರು ಕೈಹಾಕಲು ಹೋದಾಗ ಮುಂದಿನ ಅಂಬಿಗ ನಗುತ್ತ ತಲೆ ಅಲ್ಲಾಡಿಸಿ, ಎಲ್ಲಿ ಹಿಡಿಯಬೇಕೆಂದು ತೋರಿಸಿದ. ಆ ಕತ್ತಲೆಯಲ್ಲಿ ಇಂಜಿನ್ನನ್ನು ನಿಲ್ಲಿಸಿದ ಒಂದು ನಿಮಿಷವನ್ನು ಮಾತ್ರ ನಾನು ಸರಿಯಾಗಿ ಬರೆಯಬಲ್ಲೆನೋ ಇಲ್ಲವೋ. ಹನಿ ನೀರು ಬೀಳುವ ಸದ್ದು ಎಲ್ಲಿಂದಲೋ ಬರುತ್ತಿತ್ತು, ಹೆಂಡತಿಯ ಉಸಿರು ಕೇಳುತ್ತಿತ್ತು, ಅಷ್ಟೇ. ಕೂಗಿದ್ದರೆ ಕಾರ್ಲಾಕ್ಕಿಂತ ನೂರು ಪಟ್ಟು ದೊಡ್ಡ ಪ್ರತಿಧ್ವನಿ ಬರುತ್ತಿತ್ತು. ಯಾರೂ ಕೂಗಲಿಲ್ಲ. ಹೊರಬಂದ ಕಣಿವೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಅದೇ ಕತ್ತಲೆಯ ಮೂಲಕ ಮರಳಿದೆವು. ಊರಿನ ಸುತ್ತಲ ಬಯಲಿನಲ್ಲಿ ಹೊಗೆಸೊಪ್ಪಿನ ಬೆಳೆ ಸೊಂಪಾಗಿತ್ತು. ನಮ್ಮ ನಿಪ್ಪಾಣಿಯ ಸೀಮೆಯನ್ನು ನೋಡಿದಂತಾಯಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾನೇ ಎತ್ತಬೇಕು. ಆ ಊರಿನ ಮೌನದಲ್ಲಿ ಒಂದು ಪಾಲು ಬಡತನದ್ದು. ಲಾವೋಸಿನ ಎಷ್ಟೋ ಯುವಕರು ಕೆಲಸ ಹುಡುಕಿಕೊಂಡು ನದಿಯಾಚೆಯ ಥಾಯ್ಲೆಂಡಿಗೆ ಹೋಗುತ್ತಾರೆ. ನಮ್ಮ ಉತ್ತರ ಕರ್ನಾಟಕದ ಜನ ಪುಣೆ, ಮುಂಬಯಿ, ಗೋವೆಗಳಿಗೆ ಬಂದಂತೆಯೇ ಅದು. ನಾನು ಬಂದದ್ದೂ ಹಾಗೆಯೇ. ಖಾಲಿಯಾದ ಊರನ್ನು ಪ್ರಶಾಂತವೆಂದು ಹೊಗಳುವುದು ತಪ್ಪು. ಆದರೆ ಗವಿಯೊಳಗಿನ ಆ ಮೌನ ಬಡತನದ್ದಲ್ಲ. ಅದನ್ನು ಬಂದವರೂ ಬರಮಾಡಿಕೊಂಡವರೂ ಸೇರಿ ಕಾಪಾಡುತ್ತಿದ್ದಾರೆ. ಬಂದವರ ಹಣವೂ ಒಂದೇ ಕಡೆ ನಿಲ್ಲದೆ ಬಾಡಿಗೆ ಗಾಡಿಯವನಿಗೆ, ಥಾಲಾಂಗ್‌ನ ಗುಡಿಸಿಲಿಗೆ, ಗವಿಯ ಬಾಗಿಲಲ್ಲಿ ಸಿನ್ ಕೊಡುವ ಹೆಂಗಸಿಗೆ, ಕಾಂಗ್ ಲೋರ್‌ನ ಅಂಬಿಗರಿಗೆ ಹಂಚಿ ಹೋಗುತ್ತದೆ.

ಬಾದಾಮಿಯಲ್ಲಿ ಹೀಗೆ ಆಗುತ್ತಿಲ್ಲ ಎಂಬುದೇ ನನ್ನ ಕೊರಗು. ಚಾಲುಕ್ಯ ವಂಶದ ಮಂಗಳೇಶ ಕ್ರಿ.ಶ. 578ರ ಶಾಸನವನ್ನು ಬರೆಸಿದ ಮೂರನೆಯ ಗವಿಯನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ, ಪಟ್ಟದಕಲ್ಲು, ಐಹೊಳೆಗಳನ್ನು ಅದೇ ಮಧ್ಯಾಹ್ನ ಸುತ್ತಿ, ರಾತ್ರಿಗೆ ಹುಬ್ಬಳ್ಳಿಯನ್ನೋ ಹೊಸಪೇಟೆಯನ್ನೋ ಸೇರುವ ಬಸ್ಸುಗಳಲ್ಲಿ ಬರುವವರೇ ಹೆಚ್ಚು. ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ಅವರಿಂದ ಸಿಗುವುದು ಧೂಳು ಮಾತ್ರ. ಬಾದಾಮಿಯಿಂದ ಹೊರಟು ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಬಾಗಲಕೋಟೆ, ಗುಳೇದಗುಡ್ಡಗಳ ಮೂಲಕ ಮತ್ತೆ ಬಾದಾಮಿಗೆ ಬಂದು ಸೇರುವ ನಾಲ್ಕು ದಿನಗಳ ಸುತ್ತು ನಮ್ಮಲ್ಲೂ ಆಗಬಹುದು. ರಸ್ತೆಗಳಿವೆ, ಗವಿಗಳಿವೆ, ಹೊಳೆಗಳಿವೆ. ಪುಣೆಯ ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ಮರಾಠಿ ಹೆಂಗಸರು ಮೆಚ್ಚಿ ಕೊಳ್ಳುವ ಖಣ ಎಂಬ ಕುಪ್ಪಸದ ಬಟ್ಟೆ ಎಲ್ಲಿ ಹೇಗೆ ನೇಯಲ್ಪಡುತ್ತದೆ ಎಂದು ಮಗ್ಗದ ಮುಂದೆ ಕುಳಿತು ನೋಡಲು ಒಂದು ರಾತ್ರಿ ಗುಳೇದಗುಡ್ಡದಲ್ಲಿ ತಂಗುವ ಪ್ರವಾಸಿ ಇದುವರೆಗೆ ನನಗೆ ಸಿಕ್ಕಿಲ್ಲ.

ನಾನು ಪುಣೆಗೆ ಹೊರಟ ದಿನ ಅವ್ವ ಹೇಳಿದ್ದು ಒಂದೇ ಮಾತು: “ಇನ್ನೊಬ್ಬರ ಮನಿಯಾಗ ದನಿ ಇಳಿಸಿ ಮಾತಾಡಪಾ.” ನೆರೆಯವರ ಜೊತೆ ಅದನ್ನು ಪಾಲಿಸಿದ ನಾನು ಘಟ್ಟದ ದಾರಿಯಲ್ಲಿ, ಗವಿಯಲ್ಲಿ ಪಾಲಿಸಲಿಲ್ಲ.

ಮರಳಿ ಬಂದ ಮೇಲೆ ನಮ್ಮ ಗುಂಪಿನ ಮುಂದೆ ಇದನ್ನೆಲ್ಲ ಹೇಳಿದೆ. ಹದಿನಾರು ಗಾಡಿಗಳು ಒಟ್ಟಿಗೆ ಹೊರಡುವುದನ್ನು ನಿಲ್ಲಿಸಬೇಕು, ನಾಲ್ಕೇ ಗಾಡಿಗಳು ಸಾಕು, ಬದಲಿಸಿದ ಸೈಲೆನ್ಸರ್ ಇದ್ದವರು ಮೊದಲಿನದನ್ನು ಹಾಕಿಸಿಕೊಂಡು ಬರಬೇಕು ಎಂದಾಗ ಇಬ್ಬರು ಮುನಿಸಿಕೊಂಡರು. ಅವರೊಡನೆ ಮಾತು ಇನ್ನೂ ಮುಗಿದಿಲ್ಲ. ಡಿಸೆಂಬರಿನಲ್ಲಿ ನಾವು ಎಂಟು ಜನ ಬಾದಾಮಿಯ ಸುತ್ತಿಗೆ ಹೊರಡುತ್ತಿದ್ದೇವೆ. ಮೂರನೆಯ ರಾತ್ರಿ ಗುಳೇದಗುಡ್ಡದಲ್ಲಿ ನನ್ನ ಅತ್ತೆಯವರ ಓಣಿಯಲ್ಲೇ ವಸತಿ. ಮಗ್ಗದ ಮನೆಯವರು ಬೆಳಿಗ್ಗೆ ಆರಕ್ಕೇ ಕೆಲಸ ಹಿಡಿಯುತ್ತಾರಂತೆ, ಅಷ್ಟರೊಳಗೆ ಚಹಾ ಕುಡಿದು ತಯಾರಿರಬೇಕೆಂದು ಅತ್ತೆ ಫೋನಿನಲ್ಲಿ ಹೇಳಿದ್ದಾರೆ.